ಆಸ್ಟ್ರೇಲಿಯದ ನ್ಯಾಯಾಲಯಗಳು: ಒಂದು ಪರಿಚಯ

ನಮ್ಮ ದೇಶದಲ್ಲಿ ಹೈಕೋರ್ಟು ರಾಜ್ಯದ ಉನ್ನತ ನ್ಯಾಯಾಲಯ. ಸುಪ್ರೀಂ ಕೋರ್ಟು ಇಡೀ ರಾಷ್ಟ್ರದ್ದು. ಆಸ್ಟ್ರೇಲಿಯದಲ್ಲಿ ಈ ಹೆಸರುಗಳು ಅದಲುಬದಲಾಗಿವೆ. ಅಲ್ಲಿ ಪ್ರತಿಯೊಂದು ರಾಜ್ಯಕ್ಕೂ ಒಂದೊಂದು ಸುಪ್ರೀಂ ಕೋರ್ಟು ಉಂಟು. ಅವೆಲ್ಲವುಗಳ ಮೇಲೆ ರಾಷ್ಟ್ರಕ್ಕೆಲ್ಲ ಒಂದೇ ಹೈಕೋರ್ಟು. ಈ ವ್ಯತ್ಯಾಸದ ಹಿಂದೆ ಆ ದೇಶದ ಚರಿತ್ರೆಯೇ ಅಡಗಿದೆ. 1788ರಲ್ಲಿ ಆಂಗ್ಲರು ಅಲ್ಲಿ ನೆಲೆಯೂರಿದಂದಿನಿಂದ ಇಂಗ್ಲೆಂಡಿನ ನ್ಯಾಯಪದ್ಧತಿಯೂ ಬೇರೂರಿತು. ಕಾಲಕ್ರಮದಲ್ಲಿ ಆರು ವಸಾಹತುಗಳೂ ತಮ್ಮ ತಮ್ಮ ಸುಪ್ರೀಂ ಕೋರ್ಟುಗಳನ್ನು ಪಡೆದವು. ನ್ಯೂ ಸೌತ್ ವೇಲ್ಸಿನದು 1824ರಷ್ಟು ಹಳೆಯದು. 1901ರ ಜನವರಿ 1ರಂದು ಈ ಆರೂ ಒಂದುಗೂಡಿ ಸಂಯುಕ್ತ ರಾಷ್ಟ್ರವಾದಾಗ, ಎಲ್ಲಕ್ಕೂ ಮೇಲಾದ ನ್ಯಾಯಾಲಯವೊಂದನ್ನು ಸಂವಿಧಾನವು ವಿಧಿಸಿ ಅದಕ್ಕೆ ಹೈಕೋರ್ಟೆಂದು ಹೆಸರಿಟ್ಟಿತು. ಅದು ಕಾರ್ಯಾರಂಭ ಮಾಡಿದ್ದು 1903ರಲ್ಲಿ. ಸರ್ ಸ್ಯಾಮ್ಯುಯೆಲ್ ಗ್ರಿಫಿತ್ ಅದರ ಮೊದಲ ಮುಖ್ಯ ನ್ಯಾಯಮೂರ್ತಿಗಳು.

ಅಲ್ಲಿಯ ನ್ಯಾಯಾಲಯಗಳ ಶ್ರೇಣಿಯನ್ನು ಮೆಟ್ಟಿಲುಗಳಂತೆ ಭಾವಿಸಿಕೊಳ್ಳಬಹುದು. ಕೆಳಗಿನ ಮೆಟ್ಟಿಲು ಮ್ಯಾಜಿಸ್ಟ್ರೇಟರ ನ್ಯಾಯಾಲಯ. ವಾಹನ ಸಂಚಾರದ ಅಪರಾಧಗಳು, ಸಣ್ಣ ಕಳವುಗಳು, ಅಲ್ಪ ಮೊತ್ತದ ವ್ಯಾಜ್ಯಗಳು ಇಲ್ಲಿ ವಿಚಾರಣೆಗೆ ಬರುತ್ತವೆ. ಮೊಕದ್ದಮೆಗಳಲ್ಲಿ ಬಹುಪಾಲು ಇಲ್ಲಿಯೇ ಇತ್ಯರ್ಥವಾಗುತ್ತವೆ. ನಡುವಿನ ಮೆಟ್ಟಿಲು ಡಿಸ್ಟ್ರಿಕ್ಟ್ ಕೋರ್ಟು. ವಿಕ್ಟೋರಿಯದಲ್ಲಿ ಅದಕ್ಕೆ ಕೌಂಟಿ ಕೋರ್ಟೆಂದು ಹೆಸರು. ಚಿಕ್ಕ ರಾಜ್ಯವಾದ ಟಾಸ್ಮೇನಿಯದಲ್ಲಿ ಈ ನಡುವಿನ ಮೆಟ್ಟಿಲೇ ಇಲ್ಲ. ಅದರ ಮೇಲಿನದು ರಾಜ್ಯದ ಸುಪ್ರೀಂ ಕೋರ್ಟು. ಇವುಗಳ ಜೊತೆಗೆ ಕೇಂದ್ರ ಶಾಸನಗಳ ವ್ಯಾಜ್ಯಗಳಿಗಾಗಿ 1977ರಲ್ಲಿ ಕೆಲಸ ಆರಂಭಿಸಿದ ಫೆಡರಲ್ ಕೋರ್ಟು ಇದೆ. ವಿವಾಹ, ವಿಚ್ಛೇದನ, ಮಕ್ಕಳ ಪಾಲನೆಗಳ ವ್ಯಾಜ್ಯಗಳನ್ನು ನೋಡುವ ಕುಟುಂಬ ನ್ಯಾಯಾಲಯವು 2021ರಲ್ಲಿ ಮತ್ತೊಂದು ಕೇಂದ್ರ ನ್ಯಾಯಾಲಯದೊಡನೆ ಒಂದೇ ಆಡಳಿತದಡಿ ಸೇರಿತು.

ಗುರುತರ ಅಪರಾಧಗಳ ವಿಚಾರಣೆಯು ಸಾಮಾನ್ಯವಾಗಿ ಜ್ಯೂರಿಯ ಮುಂದೆ ನಡೆಯುತ್ತದೆ. ಮತದಾರರ ಪಟ್ಟಿಯಿಂದ ಆರಿಸಿದ ಹನ್ನೆರಡು ಮಂದಿ ಸಾಮಾನ್ಯ ನಾಗರಿಕರು ಸಾಕ್ಷ್ಯವನ್ನು ಕೇಳಿ, ಆರೋಪಿಯು ಅಪರಾಧಿಯೋ ಅಲ್ಲವೋ ಎಂದು ನಿರ್ಣಯಿಸುತ್ತಾರೆ. ಕಾನೂನನ್ನು ವಿವರಿಸುವುದು, ಶಿಕ್ಷೆಯನ್ನು ವಿಧಿಸುವುದು ನ್ಯಾಯಾಧೀಶರ ಹೊಣೆ. ನಮ್ಮ ಕ್ರಿಮಿನಲ್ ಮೊಕದ್ದಮೆಗಳಿಂದ ಮರೆಯಾದ ಈ ಪದ್ಧತಿ ಅಲ್ಲಿ ಇಂದಿಗೂ ಜೀವಂತವಾಗಿದೆ.

ಹೈಕೋರ್ಟಿನಲ್ಲಿ ಏಳು ಮಂದಿ ನ್ಯಾಯಮೂರ್ತಿಗಳಿದ್ದಾರೆ. ಸಂಸತ್ತಿನ ಉಭಯ ಸದನಗಳ ಬಿನ್ನಹವಿಲ್ಲದೆ, ಅದೂ ದುರ್ನಡತೆ ಅಥವಾ ಅಸಾಮರ್ಥ್ಯ ರುಜುವಾತಾದ ಹೊರತು, ಅವರನ್ನು ಪದಚ್ಯುತಗೊಳಿಸುವಂತಿಲ್ಲ. 1977ರ ಜನಮತಗಣನೆಯ ಫಲವಾಗಿ ಎಪ್ಪತ್ತು ವರ್ಷಕ್ಕೆ ನಿವೃತ್ತಿ ಗೊತ್ತಾಯಿತು. ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಮೇಲ್ಮನವಿ ಹೋಗುವ ದಾರಿ 1986ರಲ್ಲಿ ಪೂರ್ಣವಾಗಿ ಮುಚ್ಚಿತು. ಅಂದಿನಿಂದ ಹೈಕೋರ್ಟಿನ ಮಾತೇ ಕಡೆಯ ಮಾತು.

ಆದರೆ ನ್ಯಾಯಾಂಗದ ಹಿರಿಮೆಯು ಈ ರಚನೆಯಲ್ಲಷ್ಟೇ ಇಲ್ಲ. ಸರ್ಕಾರವೇ ಪ್ರತಿವಾದಿಯಾಗಿ ನಿಂತಾಗ ಏನಾಗುತ್ತದೆಂಬುದರಲ್ಲಿ ಅದರ ನಿಜವಾದ ಪರೀಕ್ಷೆಯಿದೆ. ಇದಕ್ಕೆ ಎರಡು ನಿದರ್ಶನಗಳನ್ನು ನೋಡಬಹುದು.

1950ರಲ್ಲಿ ಪ್ರಧಾನಿ ರಾಬರ್ಟ್ ಮೆಂಜಿಸರ ಸರ್ಕಾರವು ಕಮ್ಯುನಿಸ್ಟ್ ಪಕ್ಷವನ್ನು ವಿಸರ್ಜಿಸುವ ಶಾಸನವನ್ನು ತಂದಿತು. ಆ ಪಕ್ಷದ ಬಗೆಗೆ ಜನರಲ್ಲಿ ಭೀತಿ ತುಂಬಿದ್ದ ಕಾಲವದು. ಆದರೂ 1951ರ ಮಾರ್ಚಿಯಲ್ಲಿ ಏಳರಲ್ಲಿ ಆರು ನ್ಯಾಯಮೂರ್ತಿಗಳು ಆ ಶಾಸನ ಅಸಿಂಧುವೆಂದು ಸಾರಿದರು. ತನ್ನ ಅಧಿಕಾರದ ಮೇರೆ ಎಲ್ಲಿಯವರೆಗೆ ಎಂಬುದನ್ನು ಸಂಸತ್ತು ತಾನೇ ತೀರ್ಮಾನಿಸಿಕೊಳ್ಳುವಂತಿಲ್ಲ, ಅದು ನ್ಯಾಯಾಲಯದ ಕೆಲಸ ಎಂಬುದು ತೀರ್ಪಿನ ತಿರುಳು. ಸೋತ ಸರ್ಕಾರ ತೀರ್ಪನ್ನು ಧಿಕ್ಕರಿಸಲಿಲ್ಲ. ಸಂವಿಧಾನವನ್ನೇ ತಿದ್ದಲು ಅನುಮತಿ ಕೊಡಿರೆಂದು ಜನರ ಮುಂದೆ ಹೋಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜನರೂ ಅಲ್ಪ ಅಂತರದಿಂದ ಒಲ್ಲೆವೆಂದರು.

ಎರಡನೆಯದು ಮಾಬೊ ಮೊಕದ್ದಮೆ. ಆಸ್ಟ್ರೇಲಿಯದ ಉತ್ತರಕ್ಕೆ ಟಾರೆಸ್ ಜಲಸಂಧಿಯಲ್ಲಿ ಮೇರ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಹುಟ್ಟಿದ ಎಡ್ಡಿ ಮಾಬೊ ಟೌನ್ಸ್‌ವಿಲ್ ನಗರದ ವಿಶ್ವವಿದ್ಯಾಲಯದಲ್ಲಿ ತೋಟದ ಕೆಲಸ ಮಾಡಿದ್ದವರು. ಪೂರ್ವಿಕರಿಂದ ತಮಗೆ ಬಂದಿದೆಯೆಂದು ಅವರು ನಂಬಿದ್ದ ಭೂಮಿ ಕಾನೂನಿನ ಕಣ್ಣಿನಲ್ಲಿ ಸರ್ಕಾರದ್ದಾಗಿತ್ತು. ಆಂಗ್ಲರು ಬಂದಾಗ ಆ ನೆಲ ಯಾರಿಗೂ ಸೇರಿದ್ದಲ್ಲವೆಂಬ ಕಲ್ಪನೆಯೇ ಇದಕ್ಕೆ ಆಧಾರ. 1982ರಲ್ಲಿ ಮಾಬೊ ಹಾಗೂ ಅವರ ಜೊತೆಗಾರರು ದಾವೆ ಹೂಡಿದರು. ದಾವೆ ನಡೆಯುತ್ತಿರುವಾಗಲೇ ಕ್ವೀನ್ಸ್‌ಲ್ಯಾಂಡ್ ರಾಜ್ಯವು 1985ರಲ್ಲಿ ಆ ಹಕ್ಕುಗಳನ್ನು ಹಿಂದಿನಿಂದಲೇ ಅಳಿಸಿಹಾಕುವ ಕಾನೂನು ಮಾಡಿತು. ಕೇಂದ್ರದ ಜನಾಂಗಭೇದ ನಿಷೇಧ ಶಾಸನಕ್ಕೆ ಅದು ವಿರುದ್ಧವೆಂದು 1988ರಲ್ಲಿ ಹೈಕೋರ್ಟು ತೀರ್ಪಿತ್ತಿತು. ಕೇಂದ್ರ ಮತ್ತು ರಾಜ್ಯದ ಶಾಸನಗಳು ಪರಸ್ಪರ ವಿರೋಧಿಸಿದಾಗ ಕೇಂದ್ರದ್ದು ನಿಲ್ಲುತ್ತದೆಂಬುದು ಅಲ್ಲಿಯ ನಿಯಮ. ನಮ್ಮ ಸಂವಿಧಾನಕರ್ತರು ಸಮವರ್ತಿ ಪಟ್ಟಿಯ ಕಲ್ಪನೆಯನ್ನು ಪಡೆದದ್ದೂ ಆಸ್ಟ್ರೇಲಿಯದಿಂದಲೇ ಎಂಬುದನ್ನು ಇಲ್ಲಿ ಸ್ಮರಿಸಬಹುದು. 1992ರ ಜೂನ್ 3ರಂದು ಅಂತಿಮ ತೀರ್ಪು ಹೊರಬಿತ್ತು. ಆರು ನ್ಯಾಯಮೂರ್ತಿಗಳು ಮೂಲನಿವಾಸಿಗಳ ಭೂಹಕ್ಕನ್ನು ಎತ್ತಿಹಿಡಿದರು. ಒಬ್ಬರು ಭಿನ್ನಮತ ತಾಳಿದರು. ಅದನ್ನು ಕೇಳಲು ಮಾಬೊ ಉಳಿದಿರಲಿಲ್ಲ. ಅದೇ ಜನವರಿಯಲ್ಲಿ ತೀರಿಕೊಂಡಿದ್ದರು. ಮರುವರ್ಷವೇ ಸಂಸತ್ತು ಈ ಹಕ್ಕಿಗೆ ಶಾಸನದ ರೂಪ ಕೊಟ್ಟಿತು.

ಇದರಿಂದ ಆ ವ್ಯವಸ್ಥೆಯಲ್ಲಿ ಕುಂದೇ ಇಲ್ಲವೆಂದು ತಿಳಿಯಬಾರದು. ಹತ್ತು ವರ್ಷಗಳ ವ್ಯಾಜ್ಯವು ಎಲ್ಲರಿಗೂ ಎಟಕುವಂಥದಲ್ಲ. ದೇಶದ ಜನಸಂಖ್ಯೆಯಲ್ಲಿ ಶೇಕಡ 4ಕ್ಕಿಂತ ಕಡಿಮೆಯಿರುವ ಮೂಲನಿವಾಸಿಗಳು ಸೆರೆಮನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟಿದ್ದಾರೆ. ಅವರಿಗೆ ಭೂಮಿಯ ಹಕ್ಕನ್ನು ಕೊಟ್ಟ ನ್ಯಾಯಪದ್ಧತಿಯೇ ಈ ಅಂಕಿಗೂ ಉತ್ತರ ಹೇಳಬೇಕಾಗಿದೆ.

ತೀರ್ಪನ್ನು ಬರೆಯುವವರು ನ್ಯಾಯಮೂರ್ತಿಗಳು. ಅದನ್ನು ಜಾರಿಗೆ ತರಬೇಕಾದುದು ಸರ್ಕಾರ, ಎಷ್ಟೋ ವೇಳೆ ಸೋತ ಸರ್ಕಾರವೇ. ಬಲವುಳ್ಳ ಪಕ್ಷವು ಸೋಲನ್ನು ಒಪ್ಪಿಕೊಳ್ಳುವ ನಡತೆ ಕಾನೂನಿನ ಪುಸ್ತಕದಿಂದಷ್ಟೇ ಬರುವುದಿಲ್ಲ; ಜನರಲ್ಲಿ ಅದು ಸಂಸ್ಕಾರವಾಗಿ ಬೆಳೆದಿರಬೇಕು. ಆಸ್ಟ್ರೇಲಿಯದ ನ್ಯಾಯಾಲಯಗಳ ಚರಿತ್ರೆಯಿಂದ ನಾವು ಮುಖ್ಯವಾಗಿ ಅರಿಯಬೇಕಾದುದು ಇದನ್ನೇ.