ಕಾರು ನೀರು ಕುಡಿಯುವುದಿಲ್ಲ

ಹಬ್ಬಕ್ಕೆಂದು ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಕಡೆ ಹೊರಟ ಕಾರಿಗೆ ಖೇಡ್ ಶಿವಾಪುರದ ಟೋಲ್ ನಾಕಾದಲ್ಲಿ ಒಂದು ಪರೀಕ್ಷೆ, ಖಂಬಾಟಕಿ ಘಾಟಿನಲ್ಲಿ ಇನ್ನೊಂದು. ನಾಕಾದ ಸಾಲಿನಲ್ಲಿ ಗಾಡಿ ನಿಂತು ನಿಂತು ಸಾಗುತ್ತದೆ, ರೇಡಿಯೇಟರಿಗೆ ಎದುರುಗಾಳಿ ಸಿಗುವುದಿಲ್ಲ. ಘಾಟಿನಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ, ಎರಡನೇ ಗೇರು. ವರ್ಷವಿಡೀ ಅಡಗಿದ್ದ ದೋಷ ಹೊರಬೀಳುವುದು ಇಂಥಲ್ಲೇ. ಬಾನೆಟ್ ಎತ್ತಿ ರಸ್ತೆ ಬದಿಗೆ ನಿಂತವರಿಗೆ ಸಿಗುವ ತೀರ್ಪು ಹೆಚ್ಚಾಗಿ ಎರಡೇ: ‘ಹಳೇ ಎಂಜಿನ್ ಅಲ್ವಾ ಸಾರ್, ಸ್ವಲ್ಪ ನೀರು ಕುಡಿಯುತ್ತೆ, ಹಾಕ್ತಾ ಇರಿ’ ಅಥವಾ ‘ಹೆಡ್ ಗ್ಯಾಸ್ಕೆಟ್ ಗೇಲಾ’, ಅಂದರೆ ಎಂಜಿನ್ನಿನ ಬ್ಲಾಕು ಮತ್ತು ಹೆಡ್ ನಡುವಿನ ಸೀಲ್ ಹೋಯಿತು. ಮೊದಲನೆಯದನ್ನು ನಂಬಿ ಓಡಿಸಿದರೆ ಎಂಜಿನ್ನೇ ಹೋಗಬಹುದು. ಎರಡನೆಯದನ್ನು ಪರೀಕ್ಷೆಯಿಲ್ಲದೆ ನಂಬಿದರೆ, ಕೆಲವು ನೂರು ರೂಪಾಯಿಯ ರೇಡಿಯೇಟರ್ ಕ್ಯಾಪ್ ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಹತ್ತಾರು ಸಾವಿರ ಸುರಿಯಬೇಕಾಗುತ್ತದೆ.

1966ರಿಂದ ದೇಶದ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ಇರುವ, ಪಿಂಪ್ರಿ–ಚಾಕಣದಲ್ಲಿ ದಿನವೂ ಕಾರುಗಳು ತಯಾರಾಗುವ ಪುಣೆಯಂಥ ಊರಿನಲ್ಲೂ ಈ ನಂಬಿಕೆಗಳು ಗಟ್ಟಿಯಾಗಿ ಉಳಿದಿವೆ. ಅವುಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

‘ಎಂಜಿನ್ ಅಂದಮೇಲೆ ನೀರು ಕುಡಿಯುತ್ತದೆ’

ಈ ನಂಬಿಕೆಗೆ ಒಂದು ಕಾಲದಲ್ಲಿ ಆಧಾರವಿತ್ತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಕಟ್ಟಿತು. ಬಾವಿಯ ದಂಡೆಯಲ್ಲಿ ಸದ್ದು ಮಾಡುತ್ತಿದ್ದ ಅದರ ಡೀಸೆಲ್ ಪಂಪ್‌ಸೆಟ್ಟುಗಳನ್ನು ನೋಡಿ ಬೆಳೆದವರಿಗೆ ಅವುಗಳ ಕ್ರಮ ಗೊತ್ತಿದೆ: ಪಂಪು ಎತ್ತಿದ ನೀರಿನಲ್ಲೇ ಒಂದಿಷ್ಟು ಎಂಜಿನ್ನಿನ ಮೈಯೊಳಗೆ ಹರಿದು, ಬಿಸಿಯಾಗಿ, ಹೊರಗೆ ಹೋಗುತ್ತಿತ್ತು. ಅಲ್ಲಿ ನೀರು ಖರ್ಚಾಗುವುದೇ ಸರಿ. ಅಂಬಾಸಿಡರ್ ಕಾಲದ ಕಾರುಗಳಲ್ಲೂ ಉಕ್ಕಿದ ನೀರು ಸಣ್ಣ ಪೈಪಿನಿಂದ ರಸ್ತೆಗೆ ಬೀಳುತ್ತಿತ್ತು. ಬೆಳಗ್ಗೆ ಎದ್ದು ರೇಡಿಯೇಟರಿಗೆ ಒಂದು ಚೊಂಬು ನೀರು ಹಾಕುವುದು ಡ್ರೈವರನ ನಿತ್ಯದ ಕೆಲಸವಾಗಿತ್ತು.

ಇಂದಿನ ಕಾರಿನ ವ್ಯವಸ್ಥೆ ಮುಚ್ಚಿದ್ದು. ಬಿಸಿಯಾಗಿ ಹಿಗ್ಗಿದ ಕೂಲಂಟ್, ಅಂದರೆ ಎಂಜಿನ್ನನ್ನು ತಂಪು ಮಾಡುವ ದ್ರವ, ಪಕ್ಕದ ಬಾಟಲಿಗೆ ಹೋಗಿ, ತಣ್ಣಗಾದಾಗ ಮರಳಿ ಬರುತ್ತದೆ. ವರ್ಷಕ್ಕೊಮ್ಮೆ ಒಂದು ಬೆರಳಷ್ಟು ಇಳಿದರೆ ಚಿಂತೆ ಬೇಡ. ತಿಂಗಳಿಗೊಮ್ಮೆ ತುಂಬಿಸಬೇಕಾಗಿ ಬಂದರೆ ಅದು ಎಲ್ಲೋ ಹೊರಗೆ ಹೋಗುತ್ತಿದೆ, ಆ ದಾರಿ ಹುಡುಕಲೇಬೇಕು. ಹುಡುಕುವ ಮೊದಲು ಒಂದು ಎಚ್ಚರ: ಮಟ್ಟ ನೋಡುವುದು ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಸಮತಟ್ಟು ಜಾಗದಲ್ಲಿ. ಬಿಸಿಯಲ್ಲಿ ಒಂದು ದಿನ, ತಂಪಿನಲ್ಲಿ ಇನ್ನೊಂದು ದಿನ ನೋಡಿ ‘ಇಳಿದಿದೆ’ ಎಂದು ಗಾಬರಿಯಾದವರು ಬಹಳ.

ಬಾಟಲಿ ತುಂಬಿದೆ ಎಂದ ಮಾತ್ರಕ್ಕೆ ರೇಡಿಯೇಟರ್ ತುಂಬಿದೆ ಎಂದೂ ಅಲ್ಲ. ರೇಡಿಯೇಟರಿನ ಮೇಲೆಯೇ ಕ್ಯಾಪ್ ಇರುವ ಕಾರುಗಳಲ್ಲಿ ಆ ಕ್ಯಾಪಿನೊಳಗೆ ಎರಡು ವಾಲ್ವುಗಳಿರುತ್ತವೆ. ಒಂದು ಒತ್ತಡ ಮಿತಿ ಮೀರಿದಾಗ ಕೂಲಂಟನ್ನು ಬಾಟಲಿಗೆ ಬಿಡುತ್ತದೆ, ಇನ್ನೊಂದು ತಣ್ಣಗಾದಾಗ ವಾಪಸ್ ಎಳೆದುಕೊಳ್ಳಲು ತೆರೆಯುತ್ತದೆ. ಈ ಎರಡನೆಯದು ಕೈಕೊಟ್ಟರೆ ಬಾಟಲಿ ತುಂಬಿ ತುಳುಕುತ್ತಿರುತ್ತದೆ, ಎಂಜಿನ್ನಿನೊಳಗೆ ಗಾಳಿ ಸೇರಿರುತ್ತದೆ. ಬೆಳಗ್ಗೆ ಮೇಲಿನ ಹೋಸ್ ಪೈಪ್ ಹಿಂಡಿದಂತೆ ಚಪ್ಪಟೆಯಾಗಿದ್ದರೆ ಮೊದಲ ಅನುಮಾನ ಈ ವಾಲ್ವಿನ ಮೇಲೆ.

‘ಪೈಪ್ ಗಟ್ಟಿಯಾಗಿದೆ, ಒತ್ತಡ ಬಂದಿದೆ, ಗ್ಯಾಸ್ಕೆಟ್ ಹೋಗಿದೆ’

ಓಡಿ ಬಂದ ಕಾರಿನ ಪೈಪ್ ಗಟ್ಟಿಯಾಗಿರಲೇಬೇಕು. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಓಡುವುದು 85ರಿಂದ 105 ಡಿಗ್ರಿಯ ನಡುವೆ. ಒತ್ತಡವಿಲ್ಲದಿದ್ದರೆ ಸಿಂಹಗಡ ರಸ್ತೆಯ ಟ್ರಾಫಿಕ್ಕಿನಲ್ಲೇ ಅದು ಕುದಿದು ಹೋದೀತು. ಕುಕ್ಕರಿನಲ್ಲಿ ವೆಯ್ಟ್ ಮಾಡುವ ಕೆಲಸವನ್ನೇ ಇಲ್ಲಿ ಕ್ಯಾಪ್ ಮಾಡುತ್ತದೆ. ಅದರ ಮೇಲೆ 0.9 ಅಥವಾ 1.1 ಎಂದೋ, ಕೆಲವು ಯುರೋಪಿನ ಕಾರುಗಳಲ್ಲಿ 1.4 ಎಂದೋ ಬರೆದಿರುವುದು ಅದು ತಡೆಯುವ ಒತ್ತಡ. ಒಂದು ಬಾರ್ ಹೆಚ್ಚುವರಿ ಒತ್ತಡದಲ್ಲಿ ಬರೀ ನೀರೇ 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಅರ್ಧಕ್ಕರ್ಧ ಬೆರೆಸಿದ ಕೂಲಂಟ್ 129ರ ಹತ್ತಿರದವರೆಗೆ ತಾಳುತ್ತದೆ. ಕ್ಯಾಪಿನ ರಬ್ಬರ್ ಸವೆದರೆ ಈ ರಕ್ಷಣೆಯೆಲ್ಲ ಹೋಯಿತು. ಎಂಜಿನ್ ಆರೋಗ್ಯವಾಗಿದ್ದರೂ ಕೂಲಂಟ್ ಕುದಿದು ಹೊರಚೆಲ್ಲುತ್ತದೆ. ಹಾಗೆಂದು ಹೆಚ್ಚಿನ ಒತ್ತಡದ ಕ್ಯಾಪ್ ಹಾಕಿಸುವುದು ಪರಿಹಾರವಲ್ಲ. ಮುದಿ ಪೈಪು, ಪ್ಲಾಸ್ಟಿಕ್ ತೊಟ್ಟಿಯ ರೇಡಿಯೇಟರ್ ಒಡೆಯುತ್ತವೆ.

ನೋಡಬೇಕಾದದ್ದು ಒತ್ತಡ ಯಾವಾಗ ಬಂತು ಎಂಬುದನ್ನು. ರಾತ್ರಿಯಿಡೀ ನಿಂತ ಎಂಜಿನ್ನನ್ನು ಚಾಲೂ ಮಾಡಿ, ಮೇಲಿನ ಪೈಪ್ ಹಿಡಿದು ನೋಡಿ. ನೀರು ಇನ್ನೂ ತಣ್ಣಗಿರುವಾಗಲೇ, ಒಂದೆರಡು ನಿಮಿಷದಲ್ಲಿ ಪೈಪ್ ಕಲ್ಲಿನಂತಾದರೆ ಆ ಒತ್ತಡ ಶಾಖದಿಂದ ಬಂದದ್ದಲ್ಲ, ಸಿಲಿಂಡರಿನಿಂದ ಬಂದದ್ದು. ಹಾಗೆಯೇ, ಮಾರನೆಯ ಬೆಳಗ್ಗೆ ತಣ್ಣಗಿನ ಕ್ಯಾಪ್ ತೆಗೆದಾಗ ಬುಸ್ಸೆಂದು ಗಾಳಿ ಹೊರಬಂದರೆ ಅನುಮಾನ ಬಲವಾಗುತ್ತದೆ. ಉಗಿ ತಣಿದು ನೀರಾಗುತ್ತದೆ; ಉರಿದ ಅನಿಲ ಮಾತ್ರ ಬೆಳಗಿನವರೆಗೂ ಉಳಿದಿರುತ್ತದೆ.

ಇದರ ಕಾರಣ ತಿಳಿದುಕೊಂಡರೆ ಉಳಿದ ಲಕ್ಷಣಗಳೂ ಅರ್ಥವಾಗುತ್ತವೆ. ಇಂಧನ ಉರಿಯುವಾಗ ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಹಲವು ಹತ್ತು ಬಾರ್, ಡೀಸೆಲ್‌ನಲ್ಲಿ ನೂರಕ್ಕೂ ಮೀರಿದ ಒತ್ತಡವಿರುತ್ತದೆ. ಪಕ್ಕದ ಕೂಲಂಟ್‌ನಲ್ಲಿ ಇರುವುದು ಒಂದು ಬಾರ್. ಗ್ಯಾಸ್ಕೆಟ್ಟಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಓಡುವಾಗ ಅನಿಲ ಕೂಲಂಟಿಗೆ ನುಗ್ಗುತ್ತದೆ, ಬಾಟಲಿಯಲ್ಲಿ ಗುಳ್ಳೆ ಏಳುತ್ತದೆ. ಎಂಜಿನ್ ನಿಲ್ಲಿಸಿದ ಮೇಲೆ ಕೂಲಂಟ್ ಉಲ್ಟಾ ದಾರಿಯಲ್ಲಿ ಸಿಲಿಂಡರಿಗೆ ಜಿನುಗುತ್ತದೆ. ಅದಕ್ಕೇ ಬೆಳಗ್ಗೆ ಮೊದಲ ಸ್ಟಾರ್ಟಿನಲ್ಲಿ ಕೆಲವು ಕ್ಷಣ ಎಂಜಿನ್ ಕುಂಟಿ, ಬಿಳಿ ಹೊಗೆ ಬಿಟ್ಟು, ಆಮೇಲೆ ಸರಿಯಾಗುತ್ತದೆ. ಈ ಲಕ್ಷಣ ನನ್ನ ಪ್ರಕಾರ ಮಿಕ್ಕೆಲ್ಲಕ್ಕಿಂತ ಹೆಚ್ಚು ನಂಬಬಹುದಾದದ್ದು. ಗ್ಯಾರೇಜಿಗೆ ಕಾರು ತಲುಪುವಷ್ಟರಲ್ಲಿ ಅದು ಮಾಯವಾಗಿರುತ್ತದೆ. ಆದ್ದರಿಂದ ಮನೆಯಲ್ಲೇ ವಿಡಿಯೊ ಮಾಡಿಕೊಂಡು ಹೋಗುವುದು ಒಳ್ಳೆಯದು.

ಬರೀ ಬಿಳಿ ಹೊಗೆಗೆ ಹೆದರಬೇಕಿಲ್ಲ. ಡಿಸೆಂಬರ್, ಜನವರಿಯಲ್ಲಿ ಪುಣೆಯ ಬೆಳಗು 10 ಡಿಗ್ರಿಯ ಆಸುಪಾಸಿಗೆ ಇಳಿದಾಗ ಎಲ್ಲ ಕಾರುಗಳ ಸೈಲೆನ್ಸರಿನಿಂದಲೂ ಉಗಿ ಬರುತ್ತದೆ, ಎಂಜಿನ್ ಬಿಸಿಯಾದಂತೆ ನಿಲ್ಲುತ್ತದೆ. ಬಿಸಿಯಾದ ಮೇಲೂ ದಟ್ಟವಾಗಿ, ಸಿಹಿ ವಾಸನೆಯೊಂದಿಗೆ ಬರುತ್ತಿದ್ದರೆ ಮಾತ್ರ ಗಂಭೀರ. ಆಯಿಲ್ ಹಾಕುವ ಮುಚ್ಚಳದ ಒಳಗೆ ಕೆನೆಯಂಥದ್ದು ಕಂಡರೂ ಕೂಡಲೇ ಹೆದರಬೇಕಿಲ್ಲ. ಮಳೆಗಾಲದಲ್ಲಿ ಎರಡು ಕಿಲೋಮೀಟರ್ ಆಫೀಸಿಗೆ ಮಾತ್ರ ಓಡುವ ಕಾರಿನಲ್ಲಿ ಒಳಗಿನ ತೇವವೇ ಹಾಗಾಗುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಬರುವ ಆಯಿಲ್ಲೂ ಹಾಲು ಕಲಸಿದಂತಿದ್ದರೆ ಎಂಜಿನ್ ಚಾಲೂ ಮಾಡಬಾರದು.

ಗುಳ್ಳೆಗಳ ವಿಷಯದಲ್ಲೂ ಆತುರ ಬೇಡ. ಕೂಲಂಟ್ ಹೊಸದಾಗಿ ತುಂಬಿಸಿದ ಮೇಲೆ ಒಳಗೆ ಗಾಳಿ ಸಿಕ್ಕಿಕೊಂಡಿದ್ದರೆ ಗುಳ್ಳೆ ಬರುತ್ತದೆ. ಹೀಟರ್ ಹಾಕಿದರೆ ತಣ್ಣನೆ ಗಾಳಿ ಬೀಸುತ್ತದೆ. ಏರ್ ತೆಗೆದರೆ ಸರಿಹೋಗುತ್ತದೆ. ತೆಗೆದ ಮೇಲೂ ಗುಳ್ಳೆ ನಿಲ್ಲದಿದ್ದರೆ ಪರೀಕ್ಷೆ.

ಡೀಸೆಲ್ ಕಾರಿನವರು ಇನ್ನೊಂದು ಭಾಗದ ಹೆಸರು ನೆನಪಿಟ್ಟುಕೊಳ್ಳಬೇಕು, ಇಜಿಆರ್ ಕೂಲರ್. ಹೊಗೆಯ ಒಂದು ಪಾಲನ್ನು ತಂಪು ಮಾಡಿ ಎಂಜಿನ್ನಿಗೆ ಮರಳಿಸುವ ಈ ಭಾಗದಲ್ಲಿ ಕೂಲಂಟ್ ಹರಿಯುತ್ತದೆ. ಅದು ಒಳಗೆ ಸೀಳಿದರೆ ನೆಲದ ಮೇಲೆ ಒಂದು ಹನಿಯೂ ಬೀಳದೆ ಕೂಲಂಟ್ ಕಡಿಮೆಯಾಗುತ್ತದೆ, ಬಿಳಿ ಹೊಗೆಯೂ ಬರುತ್ತದೆ. ಇದನ್ನು ನೋಡದೆ ಹೆಡ್ ಬಿಚ್ಚಿ, ಹೊಸ ಗ್ಯಾಸ್ಕೆಟ್ ಹಾಕಿ, ಮತ್ತೆ ಅದೇ ತೊಂದರೆ ಎಂದರೆ ಮಾಲೀಕನ ಸಂಕಟ ಎಂಥದ್ದಿರಬೇಡ!

‘ಕೆಳಗೆ ಸೋರಿಲ್ಲ, ಹಾಗಾದರೆ ಒಳಗೇ ಸುಡುತ್ತಿದೆ’

ಬಿಸಿ ಲೋಹದ ಮೇಲೆ ಬಿದ್ದ ಹನಿ ನೆಲ ತಲುಪುವ ಮೊದಲೇ ಆವಿಯಾಗುತ್ತದೆ. ಕೆಲವು ಸೋರಿಕೆಗಳು ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆಯಲ್ಲಿ ನಿಲ್ಲುತ್ತವೆ. ಕೂಲಂಟ್ ಒಣಗಿದ ಕಡೆ ಬಣ್ಣದ ಕಲೆ ಅಥವಾ ಬಿಳಿ ಪುಡಿ ಉಳಿಯುತ್ತದೆ. ಟಾರ್ಚ್ ಹಿಡಿದು ಪೈಪುಗಳ ಕ್ಲಿಪ್ಪು, ರೇಡಿಯೇಟರಿನ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನ ಸುತ್ತ ನೋಡಬೇಕು. ಸೀಲ್ ಸವೆದಾಗ ಹೊರಗೆ ಕಾಣಲಿ ಎಂದೇ ಆ ತೂತು ಮಾಡಿರುತ್ತಾರೆ. ಹೀಟರಿನ ಒಳಗೆ ಸೋರಿದರೆ ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಒದ್ದೆಯಾಗುತ್ತದೆ, ಗಾಜಿನ ಒಳಗೆ ಜಿಡ್ಡಿನ ಮಂಜು ಕಟ್ಟುತ್ತದೆ. ಬಣ್ಣ, ವಾಸನೆ, ಜಿಡ್ಡು ಯಾವುದೂ ಇಲ್ಲದ ನೀರಾದರೆ ಅದು ಎಸಿಯದ್ದು; ಮೇ ತಿಂಗಳಲ್ಲಿ ಕಾರಿನ ಕೆಳಗೆ ಹನಿಯುವುದು ಸಾಮಾನ್ಯವಾಗಿ ಅದೇ.

ಕೂಲಂಟ್ ಹನಿಯುವುದು ಖಚಿತವಾದರೆ ಕೂಡಲೇ ತೊಳೆದುಬಿಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ವಿಷ. ಸೊಸೈಟಿಯ ಪಾರ್ಕಿಂಗಿನಲ್ಲಿ ಮಲಗುವ ನಾಯಿಗಳು ಅದನ್ನು ನೆಕ್ಕಿ ಸಾಯುತ್ತವೆ.

ಕಣ್ಣಿಗೆ ಕಾಣದ ಸೋರಿಕೆಗೆ ಕೈಪಂಪಿನ ಪ್ರೆಶರ್ ಟೆಸ್ಟರ್ ಇದೆ. ತಣ್ಣಗಿನ ಎಂಜಿನ್ನಿಗೆ ಕ್ಯಾಪಿನ ಮೇಲೆ ಬರೆದಷ್ಟೇ ಒತ್ತಡ ತುಂಬಿ, ಕಾಲು ಗಂಟೆ ಮುಳ್ಳು ನೋಡುವುದು. ಮುಳ್ಳು ಇಳಿದರೆ ಸೋರಿಕೆ ಇದೆ. ಕ್ಯಾಪನ್ನೂ ಅದೇ ಸಾಧನದಿಂದ ಬೇರೆಯಾಗಿ ಪರೀಕ್ಷಿಸಬಹುದು, ಅದನ್ನೇ ಮೊದಲು ಮಾಡಬೇಕು. ಸಿಲಿಂಡರಿನ ಅನಿಲ ಕೂಲಂಟಿಗೆ ಸೇರುತ್ತಿದೆಯೇ ಎಂದು ತಿಳಿಯಲು ನೀಲಿ ದ್ರವದ ಪರೀಕ್ಷೆ ಇದೆ: ರೇಡಿಯೇಟರಿನ ಬಾಯಿಯ ಗಾಳಿಯನ್ನು ಅದರ ಮೂಲಕ ಎಳೆದಾಗ ಇಂಗಾಲದ ಡೈಆಕ್ಸೈಡ್ ಇದ್ದರೆ ಬಣ್ಣ ಹಳದಿಗೆ ತಿರುಗುತ್ತದೆ. ಡೀಸೆಲ್ ಹೊಗೆಯಲ್ಲಿ, ಅದೂ ಐಡ್ಲಿಂಗಿನಲ್ಲಿ, ಈ ಅನಿಲ ಕಡಿಮೆ; ಹಸಿರು ಬಂದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಎಂಜಿನ್ ರೇಸ್ ಮಾಡಿ ಇನ್ನೊಮ್ಮೆ ನೋಡಬೇಕು. ಹೆಡ್ ಬಿಚ್ಚಲು ಒಪ್ಪಿಗೆ ಕೊಡುವ ಮೊದಲು ಈ ಮೂರರ ಫಲಿತಾಂಶ ಕೇಳುವ ಹಕ್ಕು ಮಾಲೀಕನಿಗಿದೆ. ಕೇಳಿದ್ದಕ್ಕೆ ಸಿಡುಕುವ ಗ್ಯಾರೇಜಿನಿಂದ ಕಾರನ್ನು ವಾಪಸ್ ತನ್ನಿ.

ಥರ್ಮೋಸ್ಟಾಟ್, ಬೋರ್‌ವೆಲ್ ನೀರು, ಅರಿಶಿನ

‘ನಮ್ಮ ಊರಿನ ಬಿಸಿಲಿಗೆ ಥರ್ಮೋಸ್ಟಾಟ್ ಯಾಕೆ’ ಎಂದು ಕಿತ್ತು ಬಿಸಾಡುವ ಅಭ್ಯಾಸ ಇನ್ನೂ ಹೋಗಿಲ್ಲ. ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ಈ ವಾಲ್ವ್ ಇಲ್ಲದಿದ್ದರೆ ಎಂಜಿನ್ ಬೇಕಾದ ಬಿಸಿಗೆ ಬಾರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟೇ ಬೈಪಾಸ್ ದಾರಿಯನ್ನು ಮುಚ್ಚುವುದರಿಂದ, ಅದನ್ನು ತೆಗೆದರೆ ಕೂಲಂಟ್ ರೇಡಿಯೇಟರಿಗೆ ಹೋಗದೆ ಅಲ್ಲಲ್ಲೇ ಸುತ್ತಿ ಇನ್ನಷ್ಟು ಬಿಸಿಯಾಗುತ್ತದೆ.

ಕೂಲಂಟ್ ಹಿಮದ ದೇಶಕ್ಕೆ ಮಾತ್ರ ಎನ್ನುವುದೂ ಸುಳ್ಳು. ಇಲ್ಲಿ ಅದರ ದೊಡ್ಡ ಕೆಲಸ ತುಕ್ಕು ತಡೆಯುವುದು. ನಗರದ ಅಂಚಿನ ಬಡಾವಣೆಗಳಲ್ಲಿ ಸಿಗುವ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ಬೆರೆಸಲು ಡಿಸ್ಟಿಲ್ಡ್ ವಾಟರೇ ಬೇಕು. ಹಾಗೆಂದು ನೀರು ಬೆರೆಸದ ಗಟ್ಟಿ ಕೂಲಂಟ್ ಹಾಕುವುದೂ ತಪ್ಪು, ಶಾಖ ಹೊತ್ತೊಯ್ಯುವುದರಲ್ಲಿ ನೀರೇ ಮೇಲು. ಹಸಿರು, ಕೆಂಪು, ನೀಲಿ ಎಲ್ಲ ಕಂಪನಿಗಳು ಬೆರೆಸಿದ ಬಣ್ಣವಷ್ಟೆ. ಕಾರಿನ ಪುಸ್ತಕ ಹೇಳಿದ ಗುಣಮಟ್ಟ ಡಬ್ಬಿಯ ಮೇಲಿದೆಯೇ ನೋಡಿ. ಸೋರುವ ರೇಡಿಯೇಟರಿಗೆ ಅರಿಶಿನ ಸುರಿಯುವ ಲಾರಿ ಡ್ರೈವರುಗಳ ಉಪಾಯ ತೂತನ್ನು ಮುಚ್ಚುವುದು ನಿಜ. ಅದು ಹೀಟರಿನ ನಾಳಗಳನ್ನೂ ಮುಚ್ಚುತ್ತದೆ.

‘ಮುಳ್ಳು ನಡುವೆಯೇ ಇದೆ, ಚಿಂತೆಯಿಲ್ಲ’

ಇದು ಎಲ್ಲಕ್ಕಿಂತ ಅಪಾಯದ ನಂಬಿಕೆ. ಉಷ್ಣತೆ ಅಳೆಯುವ ಸೆನ್ಸರ್ ಕೂಲಂಟಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ಪೈಪ್ ಒಡೆದು ಕೂಲಂಟ್ ಪೂರ್ತಿ ಹೋದಾಗ ಸೆನ್ಸರಿನ ಸುತ್ತ ಬರೀ ಗಾಳಿ, ಉಗಿ. ಮುಳ್ಳು ಇಳಿಯಲೂಬಹುದು, ಅಷ್ಟರಲ್ಲಿ ಹೆಡ್ ಸೊಟ್ಟಗಾಗಿರುತ್ತದೆ. ಎಷ್ಟೋ ಹೊಸ ಕಾರುಗಳಲ್ಲಿ ಮುಳ್ಳೇ ಇಲ್ಲ, ಕೆಂಪು ದೀಪವಷ್ಟೇ.

ಬಿಸಿ ಏರುವ ಹೊತ್ತನ್ನೂ ಗಮನಿಸಿ. ಸಿಗ್ನಲ್ಲಿನಲ್ಲಿ, ಟೋಲ್ ಸಾಲಿನಲ್ಲಿ ಏರಿ ಓಟದಲ್ಲಿ ಇಳಿದರೆ ಫ್ಯಾನ್, ಅದರ ರಿಲೇ ಅಥವಾ ಫ್ಯೂಸ್ ನೋಡಬೇಕು. ವೇಗದಲ್ಲಿ, ಘಾಟಿನಲ್ಲಿ ಏರಿದರೆ ರೇಡಿಯೇಟರ್ ಕಟ್ಟಿದೆ, ಪಂಪು ದುರ್ಬಲವಾಗಿದೆ, ಅಥವಾ ಗ್ಯಾಸ್ಕೆಟ್. ಮೆಕ್ಯಾನಿಕ್‌ಗೆ ಈ ಒಂದು ಮಾಹಿತಿ ಕೊಟ್ಟರೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ಹಳಬರು ಹೇಳುವ ಒಂದು ಮಾತು ಮಾತ್ರ ನೂರಕ್ಕೆ ನೂರು ಸರಿ: ಘಾಟಿನಲ್ಲಿ ಬಿಸಿ ಏರತೊಡಗಿದರೆ ಎಸಿ ಆರಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಹಾಕಿ. ಹೀಟರ್ ಇನ್ನೊಂದು ಪುಟ್ಟ ರೇಡಿಯೇಟರಿನಂತೆ ಎಂಜಿನ್ನಿನ ಶಾಖವನ್ನು ಹೊರಹಾಕುತ್ತದೆ. ಅಷ್ಟಕ್ಕೂ ಇಳಿಯದಿದ್ದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಕ್ಯಾಪ್ ಮುಟ್ಟಬೇಡಿ: ತೆರೆದ ಕ್ಷಣವೇ ಒತ್ತಡ ಇಳಿದು ಒಳಗಿನದೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯುತ್ತದೆ. ಮುಕ್ಕಾಲು ಗಂಟೆ ಕಾದು, ಮೇಲಿನ ಪೈಪ್ ಕೈಗೆ ತಣ್ಣಗೆ, ಮೆತ್ತಗೆ ಸಿಕ್ಕ ಮೇಲೆಯೇ ಬಟ್ಟೆ ಹಿಡಿದು ಕ್ಯಾಪನ್ನು ನಿಧಾನಕ್ಕೆ ತಿರುಗಿಸಿ, ಮಟ್ಟ ನೋಡಿ. ಒಳಗೆ ಕೂಲಂಟ್ ಕಾಣದಿದ್ದರೆ, ಅಥವಾ ಹಾಕಿದ್ದು ಹಾಕಿದಂತೆಯೇ ಹೋಗುತ್ತಿದ್ದರೆ, ಸಾತಾರಾ ಇಪ್ಪತ್ತೇ ಕಿಲೋಮೀಟರ್ ಇದ್ದರೂ ಟೋವಿಂಗ್‌ಗೆ ಫೋನ್ ಮಾಡಿ.