ಸತ್ತ ಲ್ಯಾಪ್‌ಟಾಪಿನ ಬದುಕಿರುವ ಡಿಸ್ಕ್

ಲ್ಯಾಪ್‌ಟಾಪ್ ಕೈಕೊಟ್ಟಿತು.
ಒಳಗಿದ್ದ ಮದುವೆ ಫೋಟೊಗಳೂ ಹೋದ ಹಾಗೇನಾ?

ಅಷ್ಟು ಬೇಗ ಕೈಚೆಲ್ಲಬೇಡಿ.
ಎಷ್ಟೋ ಸಲ ಕೆಟ್ಟಿರೋದು ಮದರ್‌ಬೋರ್ಡೋ, ಸ್ಕ್ರೀನೋ.
ಹಾರ್ಡ್ ಡಿಸ್ಕ್ ಗಟ್ಟಿಯಾಗಿಯೇ ಇರುತ್ತದೆ.

ಬಿಚ್ಚಿ ತೆಗೆದರೆ ಅದರ ಅಂಚಿನಲ್ಲಿ ಎರಡು ಚಪ್ಪಟೆ ಕನೆಕ್ಟರ್.
ಚಿಕ್ಕದು 7 ಪಿನ್ನಿನದು, ಡೇಟಾಗೆ.
ಉದ್ದದ್ದು 15 ಪಿನ್ನಿನದು, ಕರೆಂಟಿಗೆ.
ಇದೇ ಸಾಟಾ.
ಡಿಸ್ಕನ್ನು ಯುಎಸ್‌ಬಿ ಮೂಲಕ ಇನ್ನೊಂದು ಕಂಪ್ಯೂಟರಿಗೆ ಜೋಡಿಸಲು ಒಂದು ಡಬ್ಬಿ ಬೇಕು. ಅದೇ ಎನ್‌ಕ್ಲೋಷರ್.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ‘ಸಾಟಾ ಎನ್‌ಕ್ಲೋಷರ್ ಕೊಡಿ’ ಅಂದರೆ ಅಂಗಡಿಯವರ ಮೊದಲ ಪ್ರಶ್ನೆ:
ಎರಡೂವರೆ ಇಂಚೋ, ಮೂರೂವರೆಯೋ?

ಗುಟ್ಟು ಇರೋದೇ ಅಲ್ಲಿ.
ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕಿಗೆ ಯುಎಸ್‌ಬಿಯ 5 ವೋಲ್ಟ್ ಸಾಕು.
ಡೆಸ್ಕ್‌ಟಾಪಿನ ಮೂರೂವರೆಗೆ 12 ವೋಲ್ಟೂ ಬೇಕು.
ಬೇರೆ ಅಡಾಪ್ಟರ್ ಕೊಡದಿದ್ದರೆ ಅದು ತಿರುಗುವುದೇ ಇಲ್ಲ!

ತೆಳು ಪಟ್ಟಿಯಂಥ ಎಂ.2 ಎಸ್‌ಎಸ್‌ಡಿಗೆ ಈ ಡಬ್ಬಿ ಆಗದು. ಅದಕ್ಕೆ ಬೇರೆಯೇ ಇದೆ.

ವೇಗ?
ಯುಎಸ್‌ಬಿ 3.0 ಡಬ್ಬಿಯ ಮೇಲೆ 5 ಜಿಬಿಪಿಎಸ್ ಅಂತ ದೊಡ್ಡದಾಗಿ ಬರೆದಿರುತ್ತದೆ.
ಹಳೇ ಎತ್ತಿಗೆ ಹೊಸ ಗಾಡಿ ಕಟ್ಟಿದ ಹಾಗೆ ಅದು.
ತಿರುಗುವ ಡಿಸ್ಕ್ ಸೆಕೆಂಡಿಗೆ 100 ಎಂಬಿ ಆಸುಪಾಸಿನಲ್ಲೇ ಹೆಜ್ಜೆ ಹಾಕುತ್ತದೆ.

ಕೇಬಲ್ ಚುಚ್ಚಿದ ಕೂಡಲೇ ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ?’ ಅನ್ನಬಹುದು.
ಕ್ಯಾನ್ಸಲ್ ಒತ್ತಿ!
ಡಿಸ್ಕ್ ಮ್ಯಾಕಿನದೋ ಲಿನಕ್ಸಿನದೋ ಆಗಿದ್ದರೆ ವಿಂಡೋಸಿಗೆ ಓದಲು ಬರುವುದಿಲ್ಲ, ಅಷ್ಟೆ.

ಬಿಟ್‌ಲಾಕರ್ ಬೀಗ ಇದ್ದರೆ 48 ಅಂಕಿಯ ರಿಕವರಿ ಕೀ ಬೇಕು.
ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ ನೋಡಿ.

ಡಿಸ್ಕ್ ‘ಟಕ್ ಟಕ್’ ಅಂತಿದೆಯಾ?
ತಕ್ಷಣ ಕಿತ್ತು, ಡೇಟಾ ರಿಕವರಿಯವರ ಕೈಗೆ ಕೊಡಿ.