ಸೌರಫಲಕಗಳ ಸರಣಿ–ಸಮಾಂತರ ಜೋಡಣೆ: ತರಗತಿಯಲ್ಲಿ ಹೇಳಲೇಬೇಕಾದ ಎಚ್ಚರಗಳು

ಹತ್ತನೆಯ ತರಗತಿಯಲ್ಲಿ ಸರಣಿ ಮತ್ತು ಸಮಾಂತರ ಜೋಡಣೆಯನ್ನು ನಾವು ರೋಧಕ, ಬಲ್ಬುಗಳ ಮೂಲಕ ಕಲಿಸುತ್ತೇವೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನವಿದೆ. ಹೀಗಾಗಿ ಅರಸೀಕೆರೆ, ಬೇಲೂರು, ಹಳೇಬೀಡಿನ ಮಕ್ಕಳಿಗೆ ಈ ಪಾಠ ತಾರಸಿಯ ಮೇಲೂ ಎದುರಾಗಬಹುದು.

ಲೆಕ್ಕ ಸರಳ. 540 ವ್ಯಾಟ್‌ನ ಒಂದು ಫಲಕದ ತೆರೆದ ಮಂಡಲದ ವಿಭವಾಂತರ ಸುಮಾರು 49 ವೋಲ್ಟ್. ಪೂರ್ಣ ಬಿಸಿಲಿನಲ್ಲಿ ಅದು ಕೊಡುವ ಪ್ರವಾಹ ಸುಮಾರು 13 ಆಂಪಿಯರ್. ಅಂಥ ಆರನ್ನು ಸರಣಿಯಲ್ಲಿ ಜೋಡಿಸಿದರೆ ವಿಭವಾಂತರ ಕೂಡಿ 294 ವೋಲ್ಟ್ ಆಗುತ್ತದೆ, ಪ್ರವಾಹ 13 ಆಂಪಿಯರ್ ಆಗಿಯೇ ಉಳಿಯುತ್ತದೆ. ಸಮಾಂತರದಲ್ಲಿ 49 ವೋಲ್ಟ್ ಉಳಿದು ಪ್ರವಾಹ 78 ಆಂಪಿಯರ್‌ಗೆ ಏರುತ್ತದೆ. ಅದಕ್ಕೆ ಬಹಳ ದಪ್ಪ ತಂತಿ ಬೇಕು. ಮನೆಯ ಗ್ರಿಡ್ ಘಟಕಗಳಲ್ಲಿ ಸಾಮಾನ್ಯವಾಗಿ ಸರಣಿ ಜೋಡಣೆ ಇರುವುದು ಇದರಿಂದಲೇ.

ಇಲ್ಲಿ ಮೂರು ಅಂಶ ಒತ್ತಿ ಹೇಳಬೇಕು.

1. ಮನೆಯ ಮೇನ್ ಸ್ವಿಚ್ ಆರಿಸಿದರೂ ಬಿಸಿಲಿರುವವರೆಗೆ ಫಲಕದ ತಂತಿಯಲ್ಲಿ ವಿಭವಾಂತರ ಇದ್ದೇ ಇರುತ್ತದೆ.

2. ಪರ್ಯಾಯ ಪ್ರವಾಹ ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುವುದರಿಂದ ಕಿಡಿ ಬೇಗ ಆರುತ್ತದೆ. ಫಲಕದ್ದು ನೇರ ಪ್ರವಾಹ. ಪ್ರವಾಹ ಹರಿಯುವಾಗ ಕನೆಕ್ಟರ್ ಎಳೆದರೆ ಕಿಡಿ ಆರದೆ ಉರಿಯುತ್ತಲೇ ಇರಬಹುದು. ಆದ್ದರಿಂದ ಮೊದಲು ಇನ್ವರ್ಟರ್ ನಿಲ್ಲಿಸಿ, ನೇರ ಪ್ರವಾಹದ ಐಸೊಲೇಟರ್ ಸ್ವಿಚ್ ಆರಿಸಬೇಕು. ಈ ಕೆಲಸ ತರಬೇತಾದ ತಂತ್ರಜ್ಞರದ್ದು, ಮಕ್ಕಳದ್ದಲ್ಲ.

3. ಹ್ರಸ್ವಮಂಡಲವಾದಾಗಲೂ ಫಲಕದ ಪ್ರವಾಹ ಮಾಮೂಲಿಗಿಂತ ಸ್ವಲ್ಪವೇ ಹೆಚ್ಚು. ಹಾಗಾಗಿ ‘ಏನಾದರೂ ಆದರೆ ಫ್ಯೂಸ್ ಹೋಗುತ್ತದೆ’ ಎಂಬ ನಂಬಿಕೆ ಇಲ್ಲಿ ಸಾಲದು. ಬಿಗಿಯಾದ ಜೋಡಣೆ, ಸರಿಯಾದ ತಂತಿ, ಭೂಸಂಪರ್ಕ ಇವೇ ಮುಖ್ಯ.

ಪ್ರಾತ್ಯಕ್ಷಿಕೆಗೆ ಆಟಿಕೆಯ ಎರಡು 6 ವೋಲ್ಟ್ ಫಲಕ ಮತ್ತು ಒಂದು ಚಿಕ್ಕ ಮೋಟಾರ್ ಸಾಕು. ಸರಣಿಯಲ್ಲಿ ಜೋಡಿಸಿ ಒಂದು ಫಲಕವನ್ನು ರಟ್ಟಿನಿಂದ ಪೂರ್ತಿ ಮುಚ್ಚಿದರೆ ಮೋಟಾರ್ ನಿಲ್ಲುತ್ತದೆ. ಸಮಾಂತರದಲ್ಲಿ ಮುಚ್ಚಿದರೆ, ನಿಧಾನವಾದರೂ, ತಿರುಗುತ್ತಿರುತ್ತದೆ. ಅರಸೀಕೆರೆಯ ಮಕ್ಕಳಿಗೆ ತೆಂಗಿನ ಗರಿಯ ನೆರಳಿನ ಉದಾಹರಣೆ ಕೊಟ್ಟರೆ ವಿಷಯ ಬೇಗ ಮನಸ್ಸಿಗೆ ಇಳಿಯುತ್ತದೆ. ದೊಡ್ಡ ಫಲಕಗಳಲ್ಲಿ ನೆರಳಾದ ಭಾಗವನ್ನು ಬಳಸಿಕೊಂಡು ಪ್ರವಾಹ ಸಾಗಲು ಬೈಪಾಸ್ ಡಯೋಡ್ ಇರುತ್ತದೆ ಎಂಬುದನ್ನೂ ಆಗಲೇ ಸೇರಿಸಬಹುದು.

ಮೌಲ್ಯಮಾಪನಕ್ಕೆ ಈ ಒಂದು ಪ್ರಶ್ನೆ ಇರಲಿ: ‘ಕರೆಂಟ್ ಹೋಗಿದೆ, ಮೇನ್ ಸ್ವಿಚ್ಚೂ ಆರಿದೆ. ಮಧ್ಯಾಹ್ನ ತಾರಸಿಯ ಮೇಲೆ ಬಿಚ್ಚಿಕೊಂಡ ಫಲಕದ ತಂತಿ ಕಂಡರೆ ಮುಟ್ಟಬಹುದೇ? ಏಕೆ?’ ‘ಮುಟ್ಟಬಾರದು, ದೊಡ್ಡವರಿಗೆ ಹೇಳಬೇಕು’ ಎಂಬ ಉತ್ತರವನ್ನು ವಿದ್ಯಾರ್ಥಿ ಕಾರಣಸಹಿತ ಬರೆದರೆ ಪಾಠದ ಉದ್ದೇಶ ಈಡೇರಿದಂತೆ.